ಕದ್ದ ಕಡ್ಡಿ

ನಮ್ಮ ನರ್ಸರಿಯಲ್ಲಿ ಅದಕ್ಕೊಂದು ಬೆಲೆಯುಂಟು:
ಐದು ಲೀಟರಿನ ಕಪ್ಪು ಚೀಲ, ಅರವತ್ತೈದು ರ‍್ಯಾಂಡ್.
ಪ್ಲಂಬಾಗೊ ಎಂದು ಚೀಟಿ ಬರೆದವನು ನಾನೇ,
ಬಿಸಿಲು ಪೂರ್ತಿ, ನೀರು ಅಷ್ಟಕ್ಕಷ್ಟೆ.

ನಮ್ಮಜ್ಜಿಗೆ ಅದು ಉಮಾಬೋಪೆ, ಕಟ್ಟಿಹಾಕುವ ಗಿಡ.
ಗುಡಿಸಲ ಹುಲ್ಲಿಗೆ ಅದರ ಕಡ್ಡಿ ಸಿಕ್ಕಿಸಿದರೆ
ಸಿಡಿಲು ದಾರಿ ಬದಲಿಸಿ ಬೇರೆ ಮನೆಗೆ ಹೋಗುತ್ತದಂತೆ.
ಬೇರೆ ಮನೆ ಯಾರದೆಂದು ಅಜ್ಜಿ ಹೇಳಲಿಲ್ಲ,
ನಾನೂ ಕೇಳಲಿಲ್ಲ.

ಆಗಸ್ಟ್ ಕೊನೆಯ ಶನಿವಾರ. ಪೋರ್ಟ್ ಎಲಿಜಬೆತ್ತಿನ ಗಾಳಿ,
ತಲೆ ಮೇಲಿನ ಟೋಪಿಗೆ ಬಾಡಿಗೆ ಕೇಳುವ ಗಾಳಿ.
ರುಗಾಯಾ ಸಾಲಿ ಬಂದರು,
ತಲೆವಸ್ತ್ರದ ತುದಿ ಹಲ್ಲಲ್ಲಿ ಕಚ್ಚಿಕೊಂಡು
ಚೀಲಗಳ ಸಾಲನ್ನು ಎರಡು ಸಲ ನಡೆದರು.
‘ಇದಲ್ಲ.’
ಇದೇ ಮೇಡಂ. ನೀಲಿ ಬೇಡವೆಂದರೆ ಬಿಳಿಯೂ ಇದೆ.
‘ಗೊತ್ತು, ಇದೇ. ಆದರೆ ಇದಲ್ಲ.
ಗುದ್ದಲಿ ಇದೆಯಾ ನಿನ್ನ ಹತ್ತಿರ?’

ಊಟದ ಹೊತ್ತು. ನನ್ನ ಹಳೇ ಬಕ್ಕಿ ಹತ್ತಿದರು.
ಸೌತ್ ಎಂಡ್ ಇದ್ದ ಇಳಿಜಾರು.
ಇದ್ದ ಅನ್ನಬೇಕು: ಕಂದು ಮೈಯವರು, ಚೀನಾದವರು, ತಮಿಳರು
ಒಂದೇ ಬೀದಿಯಲ್ಲಿ ಒಬ್ಬರ ಮನೆ ಸಾರು ಇನ್ನೊಬ್ಬರು ಮೂಸುತ್ತಿದ್ದುದು
ಸರ್ಕಾರದ ಕಣ್ಣಿಗೆ ಹಿಡಿಸಲಿಲ್ಲ.
ಬುಲ್‌ಡೋಜರ್ ಬಂತು. ಆಮೇಲೆ ಹೆದ್ದಾರಿ.
ಆಮೇಲೆ, ಬಹಳ ವರ್ಷದ ಮೇಲೆ, ನಾನು ಹುಟ್ಟಿದೆ.

ಅವರು ಹುಲ್ಲಲ್ಲಿ ಹೆಜ್ಜೆ ಎಣಿಸುತ್ತ ಹೋದರು.
ಮುಳ್ಳುಕಂಟಿ, ಬಾಟಲಿ ಚೂರು, ಒಂದು ಟೈರು,
ಅದರಾಚೆ ಆಳೆತ್ತರ ಕೆದರಿದ ಪ್ಲಂಬಾಗೊ,
ಚಳಿಗೂ ಉದುರದ ನಾಲ್ಕೈದು ಗೊಂಚಲು,
ಒಗೆದೊಗೆದು ಬಿಳುಚಿದ ಶಾಲೆಯಂಗಿಯ ನೀಲಿ.
‘ನೋಡು,’ ಅಂದರು, ‘ಹದಿನಾಲ್ಕು ಹೆಜ್ಜೆ ನೆಟ್ಟಗೆ,
ಇಲ್ಲಿ ಎಡಕ್ಕೆ.’
ಹೌದು. ತಾನಾಗಿ ಬೆಳೆದ ಪೊದೆಗೆ
ಮೂಲೆ ತಿರುಗುವುದು ಬರುವುದಿಲ್ಲ.

ಇದು ನಿಮ್ಮ ಬೇಲಿಯೇ? ಮೆಲ್ಲಗೆ ಕೇಳಿದೆ.
ದನಿ ತಗ್ಗಿಸಬೇಕಾದ ಜಾಗ ಅನ್ನಿಸಿತ್ತು.
ಅವರು ಜೋರಾಗಿ ನಕ್ಕುಬಿಟ್ಟರು.
‘ನಮ್ಮದೆಲ್ಲಿ! ಅಂಗಡಿ ಮಿಸೆಸ್ ಲೀ ಸನ್‌ದು.
ಒಂದು ಹೂ ಮುಟ್ಟಿದರೆ ಪೊರಕೆ ಹಿಡಿದು ಬರೋಳು.
ನಮ್ಮಂಗಳದಲ್ಲಿ ಏನಿತ್ತು, ಬಟ್ಟೆ ತಂತಿ, ಎರಡು ಕೋಳಿ.
ಕದ್ದ ಕಡ್ಡಿ ಬೇರು ಬಿಡುತ್ತೆ ಮಗಾ,
ಕೊಂಡಿದ್ದು ನನ್ನ ಕೈಲಿ ಎಷ್ಟೋ ಸತ್ತಿವೆ.’

ಹೂವಿನ ಬುಡಕ್ಕೆ ಜಿಗುಟು, ಬೆರಳು ಬಿಡುವುದಿಲ್ಲ.
ಕಿವಿಗೆ ಒತ್ತಿದರೆ ಓಲೆ.
ಲಾರಿ ಬಂದ ದಿನ ರುಗಾಯಾಗೆ ಒಂಬತ್ತು.
ಎರಡೂ ಕಿವಿಗೆ ಅಂಟಿಸಿಕೊಂಡು ಮಂಚದ ಮೇಲೆ ಕೂತರು,
ಮಂಚ ಲಾರಿಯ ಮೇಲಿತ್ತು.
ಇಳಿಯುವಾಗ ಒಂದು ಜೊತೆ
ಡ್ರೈವರನ ಬೆನ್ನಿಗೆ ಒತ್ತಿದರಂತೆ, ಅವನಿಗೆ ತಿಳಿಯದ ಹಾಗೆ.
ಯಾಕೆ ಅಂತ ಅವರಿಗೂ ನೆನಪಿಲ್ಲ.

ನಾನು ಅಗೆದೆ. ಬುಡದ ಸುತ್ತ ಮರಿಗಳು,
ಬೇರು ಸಮೇತ ಒಂದು ಸಿಕ್ಕಿತು.
ಕಾರುಗಳು ಹೋಗುತ್ತಿದ್ದವು. ಬಾಲವುಳ್ಳ ಪುಟ್ಟ ನೀಲಿ ಚಿಟ್ಟೆಯೊಂದು
ಮೊಗ್ಗಿನ ನಡುವೆ ಮೊಟ್ಟೆಯಿಡುತ್ತ
ನಮ್ಮಿಬ್ಬರನ್ನು ಲೆಕ್ಕಕ್ಕಿಡಲಿಲ್ಲ.

ಒದ್ದೆ ಪತ್ರಿಕೆಯಲ್ಲಿ ಸುತ್ತಿಕೊಡುತ್ತ ಕಸುಬಿನ ಮಾತು ಹೇಳಿದೆ:
ಮೊದಲ ಬೇಸಿಗೆ ನೀರು ಕೊಡಿ, ಆಮೇಲೆ ಮರೆತರೂ ಸರಿ.
ಪ್ರತಿ ಚಳಿಯ ಕೊನೆಗೆ ಮೊಣಕಾಲೆತ್ತರಕ್ಕೆ ಕತ್ತರಿಸಿ,
ಕರುಣೆ ತೋರಬೇಡಿ. ಹೊಸ ಚಿಗುರಿನ ತುದಿಯಲ್ಲೇ ಹೂವು.
‘ಕತ್ತರಿಸೋದು ಬೇಡ,’ ಅಂದರು.
ಹೂ ಕಡಿಮೆಯಾಗುತ್ತೆ.
‘ಆಗಲಿ.’

ಗೆಲ್ವನ್‌ಡೇಲ್‌ನ ಗೇಟಿನಲ್ಲಿ ಇಳಿಸಿದೆ. ಬಕ್ಕಿಗೆ ಒರಗಿ,
ಬೆನ್ನು ತಟ್ಟಿ, ಪೆಟ್ರೋಲಿಗೆಂದು ನೂರು ರ‍್ಯಾಂಡ್ ತುರುಕಿದರು.
ಲೆಕ್ಕ ಹಾಕಿದರೆ, ಕೊಂಡಿದ್ದರೇ ಅಗ್ಗವಾಗುತ್ತಿತ್ತು.

ರಾತ್ರಿ ಅಂಗಿ ಒಗೆಯಲು ಎತ್ತಿಕೊಂಡ ಹೆಂಡತಿ ಕೇಳಿದಳು:
ಬೆನ್ನಿಗಿದೇನು, ಎರಡು ಹೂವು?
ಬಾಡಿದ್ದವು, ಆದರೂ ಉದುರಿರಲಿಲ್ಲ.
ಯಾರು ಅಂಟಿಸಿದ್ದು, ಅಂದಳು.

ಆ ಡ್ರೈವರನ ಹೆಂಡತಿಯೂ ಕೇಳಿರಬೇಕು.
ಅವನು ಏನು ಹೇಳಿದನೋ.